ತಮ್ಮನ ಸರದಿ

ಆ ಬೀದಿಯಲ್ಲಿ ಹಾಸಿಗೆ ಅಂಗಡಿ ಎಂದರೆ ಒಂದೇ. ನಡೆಸುತ್ತಿದ್ದವರು ಅಣ್ಣ ತಮ್ಮಂದಿರು. ಅಣ್ಣನಿಗೆ ಎಪ್ಪತ್ತೊಂದು, ತಮ್ಮನಿಗೆ ಅರವತ್ತಾರು. ಕೆಳಗೆ ಅಂಗಡಿ, ಅದರ ಹಿಂದಿನ ಎರಡು ಕೋಣೆಗಳಲ್ಲಿ ಅಣ್ಣ ಮತ್ತು ಅವನ ಹೆಂಡತಿ. ಮೇಲಿನ ಒಂಟಿ ಕೋಣೆಯಲ್ಲಿ, ಹೆಂಡತಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದ ತಮ್ಮ. ಇಬ್ಬರಿಗೂ ಮಕ್ಕಳಿರಲಿಲ್ಲ. ಬೀದಿಯ ಜನ ಅವರನ್ನು ದೊಡ್ಡ ಹಾಸಿಗೆ, ಚಿಕ್ಕ ಹಾಸಿಗೆ ಎಂದು ಕರೆಯುತ್ತಿದ್ದರು. ಕೆಲಸ ನೋಡಿದರೆ ಮಾತ್ರ ಹನ್ನೆರಡು ವರ್ಷಗಳಿಂದ ಎಲ್ಲವೂ ಚಿಕ್ಕ ಹಾಸಿಗೆಯ ಹೆಗಲ ಮೇಲೇ ಬಿದ್ದಿತ್ತು. ಯಾಕೆಂದರೆ ಅಣ್ಣ ಸಾಯುತ್ತಿದ್ದ.

ಅದು ಶುರುವಾದದ್ದು ಹೀಗೆ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ದಿನ, ಜೋಡಿ ಹಾಸಿಗೆಯೊಂದನ್ನು ಗಾಡಿಗೆ ಏರಿಸುವಾಗ ಅಣ್ಣನಿಗೆ ಕಣ್ಣು ಕತ್ತಲೆ ಬಂತು. ಅಲ್ಲೇ ಕುಸಿದು ಕೂತ. ಡಾಕ್ಟರು ನೋಡಿ, ಬೆಳಿಗ್ಗೆ ಏನೂ ತಿಂದಿಲ್ಲ, ಗ್ಯಾಸು, ಅಷ್ಟೇ ಎಂದರು. ಆದರೆ ಆ ಹೊತ್ತಿಗೆ ಅಂಗಡಿಯ ಮುಂದೆ ಅರ್ಧ ಬೀದಿ ನೆರೆದಿತ್ತು. ಒಬ್ಬರು ಗಾಳಿ ಬೀಸುತ್ತಿದ್ದರು, ಇನ್ನೊಬ್ಬರು ಅಂಗಾಲು ಉಜ್ಜುತ್ತಿದ್ದರು, ಹೆಂಡತಿ ಅವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಇಷ್ಟೆಲ್ಲ ಆದಮೇಲೆ ಬರೀ ಗ್ಯಾಸು ಎಂದರೆ ಒಪ್ಪುವುದು ಹೇಗೆ? ಅವನು ಒಪ್ಪಲಿಲ್ಲ. ತನಗೆ ಹೆಚ್ಚು ದಿನವಿಲ್ಲ ಎಂದು ತೀರ್ಮಾನಿಸಿದ.

ಅಂದಿನಿಂದ ಅಣ್ಣ ಭಾರ ಎತ್ತಲಿಲ್ಲ. ತನ್ನದೊಂದು ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಬೀರುವಿನ ಹಿಂದೆ ಇಟ್ಟ. ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗಿಬಂದು, "ಏನೂ ಇಲ್ಲ ಅಂತಾರೆ. ಹೇಳಕ್ಕೆ ಅವರಿಗೂ ಕಷ್ಟ ಪಾಪ" ಎನ್ನುತ್ತಿದ್ದ. ಒಮ್ಮೆಯಂತೂ ಕೈಗಡಿಯಾರ ಬಿಚ್ಚಿ ತಮ್ಮನಿಗೆ ಕೊಟ್ಟ; ಎಂಟು ದಿನವಾದ ಮೇಲೆ, ಗಂಟೆ ಎಷ್ಟೆಂದು ತಿಳಿಯದೆ ಮಾತ್ರೆ ತಪ್ಪುತ್ತಿದೆ ಎಂದು ವಾಪಸು ಇಸಿದುಕೊಂಡ. ಮೊದಮೊದಲು ಜನ ಬಂದು ವಿಚಾರಿಸುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಯಾರೂ ಕೇಳದಾದರು. ಹೆಂಡತಿ ಮಾತ್ರ "ಹೂಂ" ಎನ್ನುತ್ತಿದ್ದಳು, ಅದೂ ತರಕಾರಿ ಹೆಚ್ಚುತ್ತಾ. ತಮ್ಮ "ನೀನು ಕೂತ್ಕೊ ಅಣ್ಣ" ಎಂದು ಹೇಳಿ ಹಾಸಿಗೆಯನ್ನು ಒಬ್ಬನೇ ಬೆನ್ನಿಗೇರಿಸಿಕೊಂಡು ಹೊರಡುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಎಂದಿನಂತೆ ಅಣ್ಣನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ತಮ್ಮನೇ. ಅಣ್ಣ ಅಂಗಿಯ ಗುಂಡಿ ಬಿಚ್ಚಿ ಮಂಚದ ಮೇಲೆ ಮಲಗಿದ್ದ. ಡಾಕ್ಟರು ಅವನ ಎದೆಗೆ ಸ್ಟೆತಾಸ್ಕೋಪು ಇಟ್ಟವರು, ಅದೇಕೋ ಗೋಡೆಗೆ ಒರಗಿ ನಿಂತಿದ್ದ ತಮ್ಮನ ಮುಖವನ್ನೇ ನೋಡತೊಡಗಿದರು.

"ನೀವು ಸ್ವಲ್ಪ ಬೆಳಕಿಗೆ ಬನ್ನಿ" ಎಂದರು. "ಕಣ್ಣು ಎಷ್ಟು ದಿನದಿಂದ ಹೀಗೆ ಹಳದಿ?"

"ಹತ್ತಿ ಧೂಳಿಗೆ ಇರ್ಬೇಕು ಡಾಕ್ಟ್ರೇ."

"ಊಟ ಸೇರುತ್ತಾ?"

"ಅಷ್ಟಕ್ಕಷ್ಟೆ."

ಡಾಕ್ಟರು ಅಣ್ಣನ ಕಡೆ ತಿರುಗಿ, "ನೀವು ಇಳೀರಿ, ಹೊರಗೆ ಕೂತಿರಿ" ಎಂದರು. ಅಣ್ಣ ಗುಂಡಿ ಬಿಚ್ಚಿದ ಅಂಗಿಯಲ್ಲೇ ಹೊರಗೆ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತ. ತನ್ನ ಎದೆಯ ವಿಷಯ ಏನಾಯಿತೆಂದು ಹೇಳಲು ಯಾರೂ ಬರಲಿಲ್ಲ.

ಆಮೇಲೆ ರಕ್ತ ಪರೀಕ್ಷೆ, ದೊಡ್ಡ ಆಸ್ಪತ್ರೆ, ಅದೂ ಇದೂ ಎಲ್ಲ ಆಯಿತು. ಹೊಟ್ಟೆಯೊಳಗೆ ಗಡ್ಡೆ, ಅದು ಆಗಲೇ ಪಿತ್ತಕೋಶಕ್ಕೂ ಹಬ್ಬಿದೆ, ಕತ್ತರಿಸಿ ಪ್ರಯೋಜನವಿಲ್ಲ, ಹೆಚ್ಚೆಂದರೆ ಮೂರು ತಿಂಗಳು ಎಂದರು. ಹೆಂಡತಿ ಬಾಗಿಲಿನ ಚೌಕಟ್ಟು ಹಿಡಿದು ಅತ್ತಳು. ಅಣ್ಣನೂ ಅತ್ತ, ನಿಜವಾಗಿಯೇ ಅತ್ತ. ಆದರೆ ಅಳುವಿನ ತಳದಲ್ಲಿ ಇನ್ನೊಂದು ಸಂಕಟವಿತ್ತು. ಅದಕ್ಕೆ ಹೆಸರಿಡಲು ಅವನಿಗೆ ಧೈರ್ಯವಾಗಲಿಲ್ಲ. ಟಿಕೇಟಿಗೆಂದು ಬೆಳಗಿನಿಂದ ಸಾಲಿನಲ್ಲಿ ನಿಂತವನನ್ನು ಬಿಟ್ಟು, ಈಗತಾನೇ ಬಂದವನನ್ನು ಮುಂದಕ್ಕೆ ಕರೆದರೆ ಹೇಗಾಗುತ್ತದೆಯೋ ಹಾಗಿತ್ತು ಅದು.

ತಮ್ಮ ಸಾಯುವ ಕೆಲಸವನ್ನೂ ಹಾಸಿಗೆ ಹೊಲಿಯುವಷ್ಟೇ ಅಚ್ಚುಕಟ್ಟಾಗಿ ಶುರುಮಾಡಿದ. ಒಪ್ಪಿಕೊಂಡಿದ್ದ ಕೆಲಸಗಳನ್ನೆಲ್ಲ ಮುಗಿಸಿದ. ಗಿರಾಕಿಯೊಬ್ಬರು, ಎರಡು ತಿಂಗಳು ಬಿಟ್ಟು ಬಂದು ದಿಂಬು ಒಯ್ಯುತ್ತೇನೆ ಎಂದಾಗ, "ಈ ತಿಂಗಳೇ ಬನ್ನಿ. ಆಮೇಲೆ ನಾನು ಸಿಗೋದು ಸ್ವಲ್ಪ ಕಷ್ಟ" ಎಂದು ನಕ್ಕ. ಈ ಮಾತು ಬೀದಿಯ ಆ ತುದಿಯವರೆಗೂ ಹೋಯಿತು. ಏಳಲಾಗದೆ ಮೇಲಿನ ಕೋಣೆಯಲ್ಲಿ ಮಲಗಿದ ಮೇಲಂತೂ ಜನವೋ ಜನ. ಬೇಕರಿಯವನು ದಿನಾ ಮೆತ್ತಗಿನ ಬ್ರೆಡ್ಡು ತಂದ. ಕ್ಷೌರದವನು ಹಾಸಿಗೆಯ ಹತ್ತಿರವೇ ಬಂದು ಗಡ್ಡ ಹೆರೆದು ಹೋದ. ಬಂದವರೆಲ್ಲ ಕಣ್ಣು ಒರೆಸಿಕೊಂಡು ಮೆಟ್ಟಿಲು ಹತ್ತಿ, ನಗುತ್ತಾ ಇಳಿದು ಬರುತ್ತಿದ್ದರು.

ಅವರು ಇಳಿದು ಬರುವುದನ್ನು ನೋಡುತ್ತಾ ಅಣ್ಣ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಒಂದು ಸಂಜೆ ಅವನ ಹೆಗಲ ಮೇಲೆ ಕೈಯಿಟ್ಟು, "ಸಾಯೋದಂದ್ರೆ ಹೀಗೆ ಸಾಯ್ಬೇಕು ನೋಡಿ. ನಾವೆಲ್ಲ ಕಲೀಬೇಕು" ಎಂದರು.

ಹನ್ನೆರಡು ವರ್ಷ. ಮೇಷ್ಟ್ರು ಒಂದು ಸಲವಾದರೂ ತನ್ನಿಂದ ಕಲಿಯಬೇಕು ಎಂದಿದ್ದರೇ? ಅಣ್ಣನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದ ಹಾಗಾಯಿತು. ಆ ವಾರವೇ ಅವನಿಗೆ ಎದೆನೋವು ಬಂತು, ಎಡತೋಳಿಗೂ ಇಳಿಯಿತು. ಹೆಂಡತಿಯನ್ನು ಕರೆದು ಹೇಳಿದ. ಅವಳು ಗಂಜಿಯ ಬಟ್ಟಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು.

"ಸ್ವಲ್ಪ ತಡ್ಕೊಳಿ, ಅವನ ಔಷಧಿ ಹೊತ್ತು ಮೀರುತ್ತೆ" ಎಂದಳು. ಅವಳು ಇಳಿದು ಬರುವಷ್ಟರಲ್ಲಿ ನೋವು ಹೋಗಿತ್ತು. ಬಂದವಳು ಕೇಳಲೂ ಇಲ್ಲ.

ಅಂಗಡಿಯ ಅಟ್ಟದ ಮೇಲೆ ಎರಡು ಮೂಟೆ ಹತ್ತಿ ಇತ್ತು. ಸಾಧಾರಣ ಹತ್ತಿಯಲ್ಲ, ಉದ್ದನೆಯ ಎಳೆಯ, ಬೆಣ್ಣೆಯಂಥ ಅರಳೆ. ತನ್ನ ಕೊನೆಯ ದಿನಗಳಿಗೆಂದು ಅಣ್ಣ ಅದನ್ನು ತೆಗೆದಿಟ್ಟಿದ್ದ. ತಮ್ಮ ಮಲಗಿ ತಿಂಗಳಾದಾಗ ಸೊಂಟದ ಕೆಳಗೆ ಚರ್ಮ ಕೆಂಪಗಾಗಿ ಸುಲಿಯತೊಡಗಿತು. ಹೆಂಡತಿ ಬಂದು, "ಆ ಹತ್ತಿ ಇಳಿಸಿ, ಅವನಿಗೆ ಒಂದು ಮೆತ್ತನೆ ಹಾಸಿಗೆ ಮಾಡಿಕೊಡಿ" ಎಂದಳು.

"ಅದಕ್ಕೆ ಹುಳು ಬಿದ್ದಿದೆ" ಎಂದ ಅಣ್ಣ.

ಬಾಯಿಂದ ಮಾತು ತಾನಾಗಿ ಜಾರಿತ್ತು. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ಒಳಗಿನಿಂದ ಎರಡು ಕಂಬಳಿ ತೆಗೆದುಕೊಂಡು ಮೇಲೆ ಹೋದಳು. ಎಲ್ಲವೂ ತಮ್ಮನಿಗೇ ಆಯಿತಲ್ಲ, ಜನ, ಹೊಗಳಿಕೆ, ಹೆಂಡತಿಯ ಆರೈಕೆ. ಇದೊಂದಾದರೂ ನನಗಿರಲಿ ಎಂದು ಅಣ್ಣ ತನಗೆ ತಾನೇ ಹೇಳಿಕೊಂಡ. ಆ ದಿನ ಊಟ ಮಾತ್ರ ರುಚಿಸಲಿಲ್ಲ.

ಮಾರನೆಯ ವಾರ ಒಂದು ಮಧ್ಯಾಹ್ನ ಹೆಂಡತಿ ಔಷಧಿ ಅಂಗಡಿಗೆ ಹೋಗಬೇಕಾಗಿ ಬಂತು. ನೋಡಲು ಬರುವವರೂ ಯಾರೂ ಇರಲಿಲ್ಲ. "ಒಂದು ಗಂಟೆ ಅವನ ಹತ್ತಿರ ಕೂತಿರಿ" ಎಂದು ಹೇಳಿ ಹೋದಳು. ಅಣ್ಣ ಮೇಲೆ ಹತ್ತಿ ಮೂರು ವಾರವಾಗಿತ್ತು. ತಮ್ಮ ಹಾಸಿಗೆಯಲ್ಲಿ ಒಂದು ಗೆರೆಯಂತೆ ಕಂಡ. ಕೈ ಮಾತ್ರ ಹಳೆಯ ಕೈ. ಹಾಸಿಗೆ ಹೊಲಿಯುವ ದಬ್ಬಳ ಹಿಡಿದು ಹಿಡಿದು ದಡ್ಡುಗಟ್ಟಿದ ಬೆರಳು.

"ನಿನ್ನ ಧೈರ್ಯದ ಸುದ್ದೀನೇ ಬೀದಿಯಲ್ಲೆಲ್ಲ" ಎಂದ ಅಣ್ಣ. ಮಾತಿನಲ್ಲಿ ಕೊಂಕು ಇರಬಾರದೆಂದುಕೊಂಡರೂ ಇತ್ತು.

"ಧೈರ್ಯನೂ ಇಲ್ಲ ಗೀರ್ಯನೂ ಇಲ್ಲ. ಜನ ಬಂದು ಮುಖ ಸಪ್ಪೆ ಮಾಡ್ಕೊಂಡು ಕೂತ್ಕೋತಾರೆ. ಅವರ ಕಷ್ಟ ನೋಡಕ್ಕಾಗಲ್ಲ. ಏನೋ ಒಂದು ತಮಾಷೆ ಮಾಡ್ತೀನಿ, ಹಗುರಾಗಿ ಎದ್ದು ಹೋಗ್ತಾರೆ. ಆಮೇಲೆ ನಾನು ಗೋಡೆ ಕಡೆ ತಿರುಗ್ತೀನಿ." ತಮ್ಮ ಸ್ವಲ್ಪ ಸುಧಾರಿಸಿಕೊಂಡ. "ನಿನ್ನ ಒಂದು ಮಾತು ಕೇಳ್ಬೇಕು ಅಂತ ಎಷ್ಟು ದಿನದಿಂದ ಕಾಯ್ತಿದ್ದೆ. ನೀನು ಮೇಲೆ ಬರಲೇ ಇಲ್ಲ."

"ಏನು?"

"ನೀನು ಹನ್ನೆರಡು ವರ್ಷ ಇದರ ಜೊತೆ ಬದುಕಿದೀಯ. ಬೆಳಿಗ್ಗೆ ಎಚ್ಚರ ಆಗುತ್ತಲ್ಲ, ಒಂದು ಕ್ಷಣ ಏನೂ ಇರಲ್ಲ, ಆಮೇಲೆ ನೆನಪಾಗುತ್ತೆ. ಆಗ ಏನು ಮಾಡ್ತಿದ್ದೆ ನೀನು? ಹೇಗೆ ತಡ್ಕೋತಿದ್ದೆ?"

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಅಣ್ಣ ಹನ್ನೆರಡು ವರ್ಷ ಕಾದಿದ್ದ. ಗಂಟಲು ಸರಿಮಾಡಿಕೊಂಡು ನೆಟ್ಟಗೆ ಕೂತ. ತಮ್ಮ ಅವನ ಬಾಯನ್ನೇ ನೋಡುತ್ತಿದ್ದ, ನಿಜವಾಗಿಯೂ ತಿಳಿಯಬೇಕಾದವನಂತೆ. ಅಣ್ಣ ಎಷ್ಟು ತಡಕಾಡಿದರೂ ಹೇಳಲು ಒಂದು ಮಾತೂ ಸಿಗಲಿಲ್ಲ.

"ನನಗೆ ನೆನಪಾಗ್ತಿರಲಿಲ್ಲ ಕಣೋ" ಎಂದ ಕೊನೆಗೆ.

"ಅಂದ್ರೆ?"

"ಬೆಳಿಗ್ಗೆ ಎದ್ರೆ ಕಾಫಿ ನೆನಪಾಗ್ತಿತ್ತು. ಸಾಯೋದು ನೆನಪಾಗ್ತಿದ್ದದ್ದು ಯಾರಾದ್ರೂ ಎದುರಿಗೆ ಬಂದಾಗಲೇ."

ತಮ್ಮ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಂತಾಗ ಮುಖದಲ್ಲಿ ನಗು ಉಳಿದಿರಲಿಲ್ಲ.

"ಹಾಗಾದ್ರೆ ಅಷ್ಟು ಹಾಸಿಗೆಗಳನ್ನ ನಾನೊಬ್ನೇ ಯಾಕೆ ಹೊತ್ತೆ? ಹೇಳು. ನಿನಗೆ ಏನೋ ಆಗಿಬಿಡುತ್ತೆ ಅಂತ ನಾನು ಹೆದರಿಕೊಂಡೇ ಇದ್ದೆ." ಅವನ ಉಸಿರು ಜೋರಾಯಿತು. "ಮಲಗಿದ್ರೆ ಕೆಳಗಿನದೆಲ್ಲ ಕೇಳುತ್ತೆ ನಂಗೆ. ನೀನು ತಟ್ಟೆ ಎಳ್ಕೊಳೋದು, ಎರಡನೇ ಸಲ ಬಡಿಸ್ಕೊಳೋದು, ತೇಗೋದು. ಹೊಟ್ಟೆ ಉರಿದುಹೋಗುತ್ತೆ ಅಣ್ಣ. ಐದು ವರ್ಷ ದೊಡ್ಡವನು ನೀನು. ಇದು ನಿನಗೆ ಬರಬೇಕಾಗಿತ್ತು."

ಎರಡು ತಿಂಗಳಿಂದ ಅಣ್ಣ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದ ಮಾತೂ ಅದೇ, ಇದು ತನಗೆ ಬರಬೇಕಾಗಿತ್ತು. ಈಗ ತಮ್ಮನ ಬಾಯಲ್ಲಿ ಕೇಳಿದಾಗ ಅದು ಬೇರೆಯೇ ಆಗಿತ್ತು. ಮೊದಲು ಅವನ ಎದೆಯಲ್ಲಿ ಬೆಚ್ಚಗೆ ಏನೋ ಏರಿತು. ಬೀದಿಯೆಲ್ಲ ಹೊಗಳುವ ಈ ಮನುಷ್ಯ, ತನ್ನನ್ನು, ತನ್ನ ತೇಗನ್ನು ಕಂಡು ಕರುಬುತ್ತಿದ್ದಾನೆ. ಒಳಗೊಳಗೇ ಹಿಗ್ಗಿದ. ಹಿಗ್ಗಿದ್ದು ತಿಳಿದ ಮರುಕ್ಷಣ ಕುರ್ಚಿಯಲ್ಲಿ ಕೂರಲಾರದೆ ಎದ್ದು ನಿಂತ. ಮುಖಕ್ಕೆ ಕೈ ಅಡ್ಡ ಹಿಡಿದು ತಮ್ಮ ಅಳುತ್ತಿದ್ದ.

"ಅತ್ತಿಗೆಗೆ ಹೇಳ್ಬೇಡ" ಎಂದ.

"ಇಲ್ಲ." ಅಣ್ಣ ಕಿಟಕಿಯ ಕಡೆ ನೋಡುತ್ತಾ ಹೇಳಿದ, "ಅಟ್ಟದ ಹತ್ತಿಗೆ ಹುಳು ಬಿದ್ದಿಲ್ಲ."

"ಗೊತ್ತು. ಹೋದ ಬೇಸಿಗೇಲಿ ಬಿಸಿಲಿಗೆ ಹಾಕಿ ಎತ್ತಿಟ್ಟವನು ನಾನೇ."

ಹೆಂಡತಿ ಔಷಧಿ ತಂದಾಗ ಅಣ್ಣ ಏಣಿಯ ಮೇಲಿದ್ದ. ಅವಳು ಔಷಧಿ ಕೆಳಗಿಟ್ಟು ಏಣಿಯ ಬುಡ ಹಿಡಿದುಕೊಂಡಳು. ಎರಡು ಮೂಟೆಯನ್ನೂ ಅವನೇ ಇಳಿಸಿದ, ಅವನೇ ಹಿಂಜಿದ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪಟ್ಟೆ ಬಟ್ಟೆಯ ಚೀಲದೊಳಗೆ ಅರಳೆ ತುಂಬಿ, ಮಂಡಿಯೂರಿ ಕೂತು ದಬ್ಬಳದಲ್ಲಿ ಹೊಲಿದ. ಬೆರಳು ಕೆಲಸ ಮರೆತಿರಲಿಲ್ಲ, ಆದರೆ ಎರಡು ಕಡೆ ಚುಚ್ಚಿಕೊಂಡ. ಸಂಜೆ ಬಂದ ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡಿ, "ಪರವಾಗಿಲ್ಲ, ತಮ್ಮನ್ನ ನೋಡಿ ನಿಮಗೂ ಶಕ್ತಿ ಬಂತು" ಎಂದರು. ಇದರ ಹೆಸರೂ ತಮ್ಮನಿಗೇ ಹೋಯಿತು. ಅಣ್ಣ ಹಲ್ಲು ಕಚ್ಚಿ ನೂಲು ಎಳೆದ.

ಹೊಸ ಹಾಸಿಗೆಯ ಮೇಲೆ ತಮ್ಮ ಇನ್ನೂ ಹತ್ತೊಂಬತ್ತು ದಿನ ಇದ್ದ. ಪ್ರತಿ ಮಧ್ಯಾಹ್ನ ಎರಡರಿಂದ ನಾಲ್ಕು ಅಣ್ಣನ ಹೊತ್ತು. ಆಗ ಯಾರೇ ಬಂದರೂ, ಮೇಷ್ಟ್ರೇ ಬಂದರೂ, ಮಲಗಿದ್ದಾನೆ ಎಂದು ಹೇಳಿ ಬಾಗಿಲು ಹಾಕುತ್ತಿದ್ದ. ಒಳಗೆ ತಮ್ಮ ಮಲಗಿರುತ್ತಿರಲಿಲ್ಲ. ಬೈಯುತ್ತಿದ್ದ, ಹೆದರುತ್ತಿದ್ದ, ಹಳೆಯದನ್ನೆಲ್ಲ ಕೆದಕುತ್ತಿದ್ದ; ಚಿಕ್ಕಂದಿನಲ್ಲಿ ತನ್ನ ಬುಗುರಿ ಒಡೆದದ್ದು ಅಣ್ಣನೇ ಎಂದು ಅವನ ಬಾಯಿಂದಲೇ ಒಪ್ಪಿಸಿದ. ನಾಲ್ಕಾದ ಮೇಲೆ ಜನ ಬಂದಾಗ ಮತ್ತೆ ನಗೆಮಾತು. ಬೈಗುಳವೆಲ್ಲ ತನಗೊಬ್ಬನಿಗೇ ಎನ್ನುವುದು ಅಣ್ಣನಿಗೆ ಒಂದು ಬಗೆಯ ಆಸ್ತಿಯಾಯಿತು. ಅದರಲ್ಲಿ ಯಾರಿಗೂ ಪಾಲು ಕೊಡಲು ಅವನು ತಯಾರಿರಲಿಲ್ಲ.

ತಮ್ಮ ಹೋದದ್ದು ಒಂದು ಬೆಳಿಗ್ಗೆ, ಹತ್ತು ಗಂಟೆಗೆ. ಅಣ್ಣ ಸ್ನಾನಕ್ಕೆ ಹೋಗಿದ್ದ. ಮೈಮೇಲೆ ಸೋಪು ಇರುವಾಗಲೇ ಹೆಂಡತಿ ಕೂಗಿದ್ದು ಕೇಳಿಸಿತು. ಒದ್ದೆ ಕಾಲಲ್ಲಿ ಮೇಲೆ ಓಡಿದರೆ ತಮ್ಮನ ಕೈ ಅವಳ ಕೈಯಲ್ಲಿತ್ತು, ಎಲ್ಲ ಮುಗಿದಿತ್ತು. ಕೊನೆಯ ಗಳಿಗೆ ತನಗೆ ಸಿಗದೆ ಅವಳಿಗೆ ಸಿಕ್ಕಿತಲ್ಲ ಎಂಬ ಕಿಚ್ಚು ದುಃಖಕ್ಕಿಂತ ಮೊದಲು ಬಂತು.

ನೆರೆದ ಜನರ ನಡುವೆ ಮೇಷ್ಟ್ರು, "ಕೊನೇವರೆಗೂ ಒಂದು ದಿನಾನೂ ಹೆದರಲಿಲ್ಲ, ಗೊಣಗಲಿಲ್ಲ" ಎಂದರು. ಎಲ್ಲರೂ ಅಣ್ಣನ ಕಡೆ ನೋಡಿದರು. ನಿಮಗೇನು ಗೊತ್ತು ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅಣ್ಣ ಹೌದೆಂದು ತಲೆಯಾಡಿಸಿದ.

ಎರಡು ವಾರದ ನಂತರ ಒಂದು ದಿನ ಅವನು ಮೇಲೆ ಹೋದಾಗ ಹೆಂಡತಿ ತಮ್ಮನ ಅಂಗಿಗಳನ್ನು ಮಡಿಸುತ್ತಾ ಅಳುತ್ತಿದ್ದಳು. ಕೇಳಬಾರದು ಎಂದುಕೊಂಡೇ ಕೇಳಿದ.

"ನಾನು ಹೋದ್ರೂ ಹೀಗೇ ಅಳ್ತೀಯಾ?"

ಅವಳು ಸಿಟ್ಟಾಗಲಿಲ್ಲ. ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಳು.

"ಗೊತ್ತಿಲ್ಲ ಕಣ್ರೀ. ಮೊದಲ ಎರಡು ವರ್ಷ ನೀವು ಹೇಳಿದಾಗಲೆಲ್ಲ ಅಡುಗೆಮನೇಲಿ ಕೂತು ಅಳ್ತಿದ್ದೆ. ನಿಮಗೆ ಅದು ಗೊತ್ತಿಲ್ಲ. ಆವಾಗಲೇ ಅತ್ತು ಮುಗಿಸಿಬಿಟ್ಟಿದೀನೇನೋ."

ಅಣ್ಣ ಮಂಚದ ಅಂಚಿನಲ್ಲಿ ಕೂತ. "ಏನೂ ಉಳಿದಿಲ್ವಾ?"

"ನೋಡ್ಬೇಕು" ಎಂದಳು ಅವಳು, ಇನ್ನೊಂದು ಅಂಗಿ ಎಳೆದುಕೊಳ್ಳುತ್ತಾ.

ಕೆಳಗೆ ಯಾರೋ ಅಂಗಡಿಯ ಬಾಗಿಲು ತಟ್ಟಿದರು. ಅವಳು ಏಳಲಿಲ್ಲ. ಅವನೇ ಎದ್ದು ಇಳಿದು ಹೋದ.