ಮುಚ್ಚಿದ ನೀರುಗಂಡಿ

ಮಳೆ ಬಂದರೆ ನನ್ನ ಮುಖ ಅರಳಿಬಿಡುತ್ತದೋ, ಅದನ್ನು ಯಾರಾದರೂ ಕಂಡುಹಿಡಿದುಬಿಡುತ್ತಾರೋ ಎನ್ನುವುದೇ ಆ ದಿನಗಳಲ್ಲಿ ನನ್ನ ಚಿಂತೆ. ಡೈರಿಯಲ್ಲೂ ಪೂರ್ತಿ ಬರೆದಿರಲಿಲ್ಲ. ಚಿಕ್ಕಪ್ಪನ ಹೊಸ ಮನೆಯ ಮೇಲೆ ಹಿತ್ತಲ ಗೋಡೆ ಬೀಳಲಿ ಎಂದು ನಾನು ಐಪ್ಪಸಿ ತಿಂಗಳ, ದೀಪಾವಳಿ ಹೊತ್ತಿನ, ಮಳೆಗೆ ಕಾಯುತ್ತಿದ್ದೆ.

ತಮಿಳುನಾಡಿನ ನಮ್ಮೂರು ಕೊಂಬೈ ಮೇಲಿನ ಇಳಿಜಾರನ್ನು ದಾರಿಹೋಕರು ಬಸ್ಸಿನ ಕಿಟಕಿಯಿಂದ ಫೋಟೊ ತೆಗೆಯುತ್ತಾರೆ, ಪ್ರಕೃತಿ ಎಂದು. ಆ ಪ್ರಕೃತಿಯಲ್ಲಿ ಅರ್ಧ ನಮ್ಮವರ ಬೆನ್ನಿನ ಮೇಲೆ ಬಂದದ್ದು. ದನ ಹೊಡೆದುಕೊಂಡು ಕನ್ನಡ ಸೀಮೆಯಿಂದ ಬಂದ ಹಿರಿಯರಿಗೆ ಕಣಿವೆಯ ಗದ್ದೆ ಸಿಗಲಿಲ್ಲ. ಅವು ಆಗಲೇ ಬೇರೆಯವರ ಕೈಯಲ್ಲಿದ್ದವು. ನಮ್ಮವರು ಬಂಡೆ ಒಡೆದು ಅಡ್ಡಗೋಡೆ ಕಟ್ಟಿದರು. ಹಳ್ಳದ ಗೋಡುಮಣ್ಣು ಹೊತ್ತು ಅದರ ಹಿಂದೆ ತುಂಬಿದರು. ಬೆಟ್ಟ ಮೆಟ್ಟಿಲಾಯಿತು, ಮೆಟ್ಟಿಲಲ್ಲಿ ರಾಗಿ ಬಂತು. ಗೋಡೆಗೆ ಗಾರೆಯಿಲ್ಲ. ಮಣ್ಣು ಕುಡಿದು ಮಿಕ್ಕ ನೀರು ಹೊರಗೆ ಬರಲೆಂದು ಅಲ್ಲಲ್ಲಿ ಕಂಡಿ ಬಿಟ್ಟಿದ್ದರು.

ಮಳೆಗೆ ಮುಂಚೆ ಮನೆಯ ಮದುವೆಯಾಗದ ಹುಡುಗಿ ಆ ಕಂಡಿಗಳಿಗೆ ಕೈಹಾಕಿ ಬೇರು, ಕಸ ತೆಗೆಯಬೇಕು. ಕೊನೆಗೆ ಒಂದೊಂದರ ಬಾಯಿಗೂ ಚಿಟಿಕೆ ರಾಗಿಹಿಟ್ಟು. ನಮ್ಮ ಮನೆಯಲ್ಲಿ ಆ ಕೈ ನನ್ನದು. "ಬಿಲದಾಗೆ ಆವಿದ್ರೆ ಮೊದ್ಲು ಮಾತಾಡ್ಸು, ಆಮೇಲೆ ಕೈ ಇಕ್ಕು," ಎನ್ನುತ್ತಿದ್ದರು ಅಪ್ಪ.

ಅಪ್ಪ ಹೋದ ಮೇಲೆ ಚಿಕ್ಕಪ್ಪ ಬಾಲಮುರುಗನ್ ನಮ್ಮ ಮೆಟ್ಟಿಲು ಹೊಲಕ್ಕೆ ಬೇಲಿ ಹಾಕಿದರು. ಅಮ್ಮ ಕೇಳಲು ಹೋದಾಗ, ಕೂಲಿಯವರೆಲ್ಲ ನೋಡುತ್ತಿರುವಂತೆಯೇ, "ಗಂಡು ದಿಕ್ಕಿಲ್ಲದ ಮನೇಗೆ ಮಲೆ ಯಾಕೆ?" ಎಂದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಇಳಿದು ಬಂದಳು.

ಆಮೇಲೆ ಅವರು ಗೋಡೆಯ ಬುಡದಲ್ಲೇ ಮನೆ ಕಟ್ಟಿಸಿದರು. ಅಂದವಾಗಿ ಕಾಣಲೆಂದು ಗೋಡೆಗೆ ಪೂರ್ತಿ ಸಿಮೆಂಟು ಮೆತ್ತಿಸಿ ಹಳದಿ ಬಣ್ಣ ಹೊಡೆಸಿದರು. ಕಂಡಿಗಳೂ ಅದರಡಿ ಮುಚ್ಚಿಹೋದವು, ಮಿಕ್ಕ ನೀರಿಗೆ ದಾರಿಯಿಲ್ಲ. ಬೋಡಿ ಪೇಟೆಯ ಏಲಕ್ಕಿ ಮಂಡಿಯಲ್ಲಿ ಬೆಳೆದವರು. ಅವರ ಕೈ ಆ ಕಂಡಿಯೊಳಗೆ ಒಮ್ಮೆಯೂ ಹೋಗಿರಲಿಲ್ಲ. ಅದು ಹುಡುಗಿಯರ ಕೆಲಸ. ಬೇಲಿಯಾಚೆಯಿಂದ ಆ ಹಳದಿ ನೋಡಿದ ದಿನ, ಎಷ್ಟೋ ತಿಂಗಳ ನಂತರ, ನಾನು ಹೊಟ್ಟೆತುಂಬ ಉಂಡೆ.

ಗೃಹಪ್ರವೇಶದ ಹೊತ್ತಿಗೆ ವಾರದಿಂದ ಮಳೆ. ಅಮ್ಮ ಬರಲಿಲ್ಲ, ನನ್ನನ್ನು ಕಳಿಸಿದಳು.

"ಬಾಮ್ಮಾ ತೇನ್‌ಮೊಳಿ," ಎಂದರು ಚಿಕ್ಕಮ್ಮ ಮಾರಿಯಮ್ಮಾಳ್. "ನಿಮ್ಮಮ್ಮಂಗೆ ಕಾಲು ನೋವಾ, ಒಟ್ಟೆ ನೋವಾ?"

ನಾನು ಚಪ್ಪಲಿಯ ಕೆಸರು ಒರೆಸತೊಡಗಿದೆ.

"ಡಿಗ್ರಿ ಓದಿದ ಪುಳ್ಳೆ ಅಲ್ವಾ, ಮಾತಿಗೂ ಫೀಸು ಕೇಳ್ತಾಳೆ," ಎಂದರು ದಿಂಡಿಗಲ್‌ನಿಂದ ಬಂದಿದ್ದ ಸೋದರತ್ತೆ ವೀರಮ್ಮಾಳ್.

ಊಟಕ್ಕೆ ಹಿತ್ತಲಲ್ಲಿ, ಗೋಡೆಯುದ್ದಕ್ಕೂ ಟಾರ್ಪಾಲಿನಡಿ ಎಲೆ ಹಾಕಿದ್ದರು. ಯಾರೂ ನೋಡದಾಗ ಗೋಡೆಗೆ ಅಂಗೈ ಇಟ್ಟೆ. ತಣ್ಣಗಿತ್ತು. ನಡುವಿನಲ್ಲಿ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಬಣ್ಣದಲ್ಲಿ ಕೂದಲೆಳೆಯ ಬಿರುಕು. ಇನ್ನೊಂದು ಜೋರು ಮಳೆ ಸಾಕು, ಎಂದುಕೊಂಡೆ. ನಾಲಿಗೆಯ ಮೇಲೆ ಬೆಲ್ಲ ಕರಗಿದ ಹಾಗಾಯಿತು. ಚಿಕ್ಕಪ್ಪ ಕೆಸರುಗಾಲಲ್ಲಿ ನಮ್ಮ ಬಾಗಿಲಿಗೆ ಬಂದು ನಿಲ್ಲುವುದು, ಅಮ್ಮ ಒಳಗೆ ಕೂತಲ್ಲಿಂದ ಏಳದೇ ಇರುವುದು. ಎಲ್ಲ ಕಣ್ಣಿಗೆ ಕಟ್ಟಿತ್ತು.

"ಗ್ವಾಡೆ ಎಂಗದೆ, ಪುಳ್ಳೆ?" ಚಿಕ್ಕಪ್ಪ ಹಿಂದೆಯೇ ಇದ್ದರು. ಎಲ್ಲರಿಗೂ ಕೇಳುವಂತೆ ಹೇಳಿದರು: "ನಮ್ಮಣ್ಣ ವರ್ಸಾ ವರ್ಸಾ ಮಗಳ ಕೈನ ಬಿಲದಾಗೆ ತುರುಕ್ಸ್ತಿದ್ದ. ನಾನು ಒಂದೇ ದಿನದಾಗೆ ಮುಚ್ಚಾಕ್ದೆ."

ಎಲ್ಲರೂ ನಕ್ಕರು. ಅವರು ಗೋಡೆಗೆ ಬೆನ್ನು ಕೊಟ್ಟು ಎಲೆಯ ಮುಂದೆ ಕುಳಿತರು. ಪಕ್ಕದಲ್ಲಿ ವೀರಮ್ಮಾಳ್ ಅತ್ತೆ ಮಂಡಿ ಹಿಡಿದುಕೊಂಡು ಮೆಲ್ಲಗೆ ಕುಳಿತರು. ಸಾಲು ತುಂಬುತ್ತ ಹೋಯಿತು. ನನ್ನ ಕನಸಿನಲ್ಲಿ ಈ ಮನೆ ಯಾವಾಗಲೂ ಖಾಲಿ ಇರುತ್ತಿತ್ತು.

ಟಾರ್ಪಾಲಿನ ಮೇಲೆ ಹನಿಯ ಸದ್ದು ದಪ್ಪವಾಯಿತು. ಅತ್ತೆಯ ಅಪ್ಪಳದ ಮೇಲೆ ಹಳದಿ ಚೂರೊಂದು ಉದುರಿತು.

"ಸುಮ್ಮಾ ಸುಣ್ಣ," ಎಂದು ಚಿಕ್ಕಪ್ಪ ಅದನ್ನು ಬೆರಳಲ್ಲಿ ಚಿಮ್ಮಿದರು.

ನಾನು ಅತ್ತೆಯ ರಟ್ಟೆ ಹಿಡಿದು ಎಳೆದೆ. ಎಲೆ ಮಗುಚಿತು, ಸಾಂಬಾರು ಅವರ ರೇಷ್ಮೆಯ ಮೇಲೆ ಹರಿಯಿತು.

"ಇವಳಿಗೇನು ಪೈತ್ಯ ಇಡೀತಾ?" ಚಿಕ್ಕಪ್ಪ ಕೂತಲ್ಲಿಂದಲೇ ಗದರಿದರು.

ಬಡಿಸುವವರು ನಿಂತರು. ಎಲ್ಲರ ಕಣ್ಣೂ ನನ್ನ ಮೇಲೆ. ನನ್ನ ಮುಖ ಆಗ ಅರಳಿತ್ತೋ ಏನೋ, ಅಡಗಿಸುವ ಮನಸ್ಸಿರಲಿಲ್ಲ.

"ಚಿತ್ತಪ್ಪಾ," ಎಂದೆ, "ಎಲ್ರೂ ಏಳಿ, ಈ ಗ್ವಾಡೆ ಬೀಳ್ತದೆ. ನೀವು ಕಂಡಿ ಮುಚ್ಚಿದ ದಿನದಿಂದ, ಬೀಳ್ಲಿ ಅಂತಾನೇ ಕಾಯ್ತಾ ಇದ್ದೆ."