ಕೊನೆಯ ತಟ್ಟೆ ಬಿಸ್ಕತ್ತು

ಹಾಲಿನ ಪಾತ್ರೆಗೆ ಜಾಗ ಮಾಡಲೆಂದು ಅಕ್ಕ ಫ್ರಿಜ್ಜಿನಿಂದ ತಟ್ಟೆಯನ್ನು ಅರ್ಧ ಎಳೆದಿದ್ದಳು. ಅವನು ಬಂದು ಅದನ್ನು ಮತ್ತೆ ಒಳಕ್ಕೆ ತಳ್ಳಿದ.

“ಮುಟ್ಟಬೇಡ ಅದನ್ನ.”

“ಏನೋ ಇದು?”

“ಬಿಸ್ಕತ್ತಿನ ಹಿಟ್ಟು. ಮೊನ್ನೆ ಸಂಜೆ ಕಲಸಿ ಉಂಡೆ ಮಾಡಿಟ್ಲು. ಬೆಳಗ್ಗೆ ಎದ್ದು ಬೇಯಿಸ್ತೀನಿ ಅಂದ್ಲು.”

ಬೆಳಗ್ಗೆ ಅವಳು ಏಳಲಿಲ್ಲ. ಈಗ ಅವಳನ್ನು ಮಣ್ಣು ಮಾಡಿ ಬಂದಾಗಿತ್ತು. ನಡುಮನೆಯಲ್ಲಿ ನೆರೆಯವರಿಂದ ತಂದ ಕುರ್ಚಿಗಳ ಮೇಲೆ ಜನ ಮಾತಿಲ್ಲದೆ ಕುಳಿತಿದ್ದರು. ಕಿಟಕಿಯ ತೆಳು ಬಿಸಿಲಿನಲ್ಲಿ ಅವರೆಲ್ಲ ನೀರಿನಡಿಯಲ್ಲಿ ಇರುವವರಂತೆ ಕಂಡರು.

“ಹೆಂಡತೀನ ಫ್ರಿಜ್ಜಲ್ಲಿಟ್ಕೊಂಡು ಎಷ್ಟು ದಿನ ಇರ್ತೀಯೋ?” ಅಕ್ಕ ದನಿ ತಗ್ಗಿಸಿದಳು. “ಹುಳಿ ವಾಸನೆ ಬಂದ ದಿನ ನೀನೇ ಕಸಕ್ಕೆ ಹಾಕಬೇಕಾಗುತ್ತೆ. ಬೇಯಿಸು. ಬಂದವರ ಬಾಯಿಗಾದ್ರೂ ಬೀಳಲಿ.”

“ಕೆಟ್ಟುಹೋದ್ರೆ? ಇನ್ನೊಂದ್ಸಲ ಕಲಸೋಕೆ ಅವಳಿದಾಳಾ?”

“ಇಷ್ಟು ವರ್ಷ ಪಕ್ಕದಲ್ಲೇ ನಿಂತಿರ್ತಿದ್ದೆಯಲ್ಲ ಮಹರಾಯ.”

“ನಿಂತಿರ್ತಿದ್ದೆ. ಓವನ್ನಿಂದ ತೆಗೀತಿದ್ದಿದ್ದು ಅವಳು.”

*

ವಾರವೆಲ್ಲ ದರ್ಜಿಯ ಅಂಗಡಿಯ ಅಂಗಿಗಳಿಗೆ ಕಾಜಾ ಹೊಲಿದ ಬೆರಳುಗಳನ್ನು ಅವಳು ರಜೆಯ ದಿನ ಓಟ್ಸು, ಕೊಬ್ಬರಿ ತುರಿಯೊಳಗೆ ಆಡಿಸುತ್ತಿದ್ದಳು. ಬಿಸಿನೀರಲ್ಲಿ ಕದಡಿದ ಸೋಡಾ ಬಿದ್ದೊಡನೆ ಬೆಣ್ಣೆ ಮತ್ತು ಸಕ್ಕರೆ ಪಾಕ ನೊರೆಯಾಗಿ ಪಾತ್ರೆಯ ಅಂಚಿಗೇರುತ್ತಿತ್ತು. “ಬೇಗ ರೀ, ಸುರೀರಿ!” ಎಂದು ಪ್ರತಿಸಲವೂ ಮೊದಲ ಸಲದಂತೆ ಕೂಗುತ್ತಿದ್ದಳು.

ತಟ್ಟೆ ಓವನ್ನಿನೊಳಗಿರುವಾಗ, ಕಾರ್ಖಾನೆಯ ಸೈರನ್ನಿಗೆ ಒಗ್ಗಿದ ಅವನು ಗಡಿಯಾರ ನೋಡುತ್ತಿದ್ದ. ಅವಳು ನೋಡುತ್ತಿರಲಿಲ್ಲ.

“ಇನ್ನೂ ಮೆತ್ತಗಿದೆ ಕಣೇ. ಬೆಂದಿಲ್ಲ.”

“ಮೆತ್ತಗಿರುವಾಗ್ಲೇ ತೆಗೀಬೇಕು. ಗಟ್ಟಿಯಾಗೋದು ಹೊರಗೆ ಬಂದು ಗಾಳಿ ತಗೊಂಡ ಮೇಲೆ. ನಿಮ್ಮ ಥರ ಕಾದ್ರೆ ಅದರಲ್ಲಿ ಗೋಡೆ ಕಟ್ಟಬಹುದು.”

“ಮತ್ತೆ ಸಮಯ ಆಯ್ತು ಅಂತ ಹೇಗೆ ತಿಳಿಯೋದು?”

“ಹಸಿ ವಾಸನೆ ಹೋಗಿ ಹುರಿದ ವಾಸನೆ ಬರುತ್ತಲ್ಲ, ಆಗ. ಮೂಗು ಇರೋದು ಬರೀ ಕನ್ನಡಕ ಕೂರಿಸೋಕಾ?”

*

ಓವನ್ನಿನ ಗಾಜಿನಾಚೆ ಅವಳು ಮಾಡಿಟ್ಟ ಉಂಡೆಗಳು ನಿಧಾನವಾಗಿ ಕುಸಿದು ಹರಡುತ್ತಿದ್ದವು. ದರ್ಜಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಆಯಮ್ಮ ಇದನ್ನ ಅಂಗಡಿಗೆ ತಂದ ದಿನ ಯಾರೂ ಜಗಳ ಆಡ್ತಿರಲಿಲ್ಲ ಸಾರ್. ಬಾಯಿಗೆ ಬಿಡುವೇ ಇರ್ತಿರಲಿಲ್ಲ.”

ಅವನು ಗಡಿಯಾರಕ್ಕೆ ಬೆನ್ನು ಮಾಡಿ ಕಣ್ಣು ಮುಚ್ಚಿದ. ಮೊದಲು ಬಂದದ್ದು ಕಾದ ತಗಡಿನ ವಾಸನೆ, ಆಮೇಲೆ ಬೆಣ್ಣೆಯದು. ಗೋಡೆಗಳು ಮೆಲ್ಲಗೆ ಹಿಂದೆ ಸರಿದಂತಾಯಿತು. ನಡುಮನೆಯ ಕೆಮ್ಮು ಯಾವುದೋ ದೂರದ ಊರಿನಿಂದ ಕೇಳಿಬಂತು. ಕೊಬ್ಬರಿಯ ಹಸಿತನ ಗಾಳಿಯಲ್ಲಿ ತೆಳುವಾಗುತ್ತ, ತೆಳುವಾಗುತ್ತ ಹೋಗಿ, ಅದರ ಜಾಗದಲ್ಲಿ ಬೆಚ್ಚಗಿನದೇನೋ ಬಂದು ನಿಂತಿತು. ಅವನು ಓವನ್ನಿನ ಬಾಗಿಲು ತೆಗೆದ.

“ಅಯ್ಯೋ, ಬೆಂದೇ ಇಲ್ವಲ್ಲೋ!” ಅಕ್ಕ ಬೆರಳಿನಿಂದ ಒತ್ತಲು ಬಂದಳು. “ಒಳಗಿಡು, ಒಳಗಿಡು.”

“ಸಾಕು.”

“ಹಸಿಹಿಟ್ಟು ಕೊಡ್ತೀಯಾ ಜನಕ್ಕೆ?”

“ಸಾಕು ಅಂದ್ನಲ್ಲ ಅಕ್ಕ. ಉಳಿದ ಕೆಲಸ ಅದೇ ಮಾಡ್ಕೊಳುತ್ತೆ.”

ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಯಾರೂ ಮುಟ್ಟದಂತೆ ತೋಳು ಅಡ್ಡ ಹಿಡಿದು ನಿಂತ. ಬಹಳ ಹೊತ್ತಿನ ಮೇಲೆ ಒಂದನ್ನು ಎತ್ತಿದ. ಅದು ಬಾಗಲಿಲ್ಲ. ಅಕ್ಕ ಹೋಗಿ ದೊಡ್ಡ ಬಟ್ಟಲು ತಂದಳು.

ಬಟ್ಟಲು ನಡುಮನೆಯಲ್ಲಿ ಒಂದು ಸುತ್ತು ಹೋಯಿತು. ಎಲ್ಲರೂ ತೆಗೆದುಕೊಂಡರು, ಯಾರೂ ಕಚ್ಚಲಿಲ್ಲ. ಸಾವಿನ ಮನೆಯ ಮೌನದಲ್ಲಿ ಆ ಸದ್ದಿಗೆ ಅಂಜಿದರು. ದರ್ಜಿಯಂತೂ ತನ್ನದನ್ನು ದವಡೆಗೆ ಸೇರಿಸಿ ನೆನೆಯಲು ಬಿಟ್ಟಿದ್ದ.

ತಾನು ಮೊದಲು ಎತ್ತಿದ್ದನ್ನು ಅವನು ಕರುಮ್ಮೆಂದು ಕಚ್ಚಿದ.

ಮೂಲೆಯಲ್ಲಿದ್ದ ಎದುರುಮನೆಯ ಅಜ್ಜಿ ಕಚ್ಚಿದಳು. ಆಮೇಲೆ ಅಕ್ಕ, ದರ್ಜಿ, ಕಿಟಕಿಯ ಬಳಿಯವರು. ಮನೆಯೊಳಗೆ, ಒಣ ಎಲೆಗಳ ಮೇಲೆ ಬಹಳ ಜನ ಒಟ್ಟಿಗೆ ನಡೆದು ಹೋಗುತ್ತಿರುವ ಸದ್ದು.