ಎಣಿಸುವವಳು

ಅವಳಿಗೆ ಗಿರಗಿಟ್ಲೆ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಈಜುಕೊಳದ ಹತ್ತು ಮೀಟರ್ ಎತ್ತರದ ಕಟ್ಟೆಯಿಂದ ಹಾರಿ, ಗಾಳಿಯಲ್ಲಿ ಸುರುಳಿ ಸುತ್ತಿ, ನೀರಿಗೆ ಸೂಜಿಯಂತೆ ಇಳಿದು, ಮೇಲೆ ಬರುವಾಗಲೇ ನಗುತ್ತಾ ಬರುವ ಹುಡುಗಿ. ಮೂಗಿಗೆ ನೀರು ಹೋದರೂ ನಗು, ಬೆನ್ನು ಅಡಿಯಾಗಿ ಬಿದ್ದು ಚರ್ಮ ಕೆಂಪಾದರೂ ನಗು. ಈಜು ಕಲಿಯಲು ಬರುತ್ತಿದ್ದ ಚಿಕ್ಕ ಮಕ್ಕಳು ಅವಳನ್ನು ಟಿವಿಯಲ್ಲಿ ಬರುವ ಜಪಾನಿ ಆನಿಮೆ ಕಾರ್ಟೂನಿನ ಹುಡುಗಿಯೆಂದೇ ನಂಬಿದ್ದರು. ಅಗಲ ಕಣ್ಣು, ನೆತ್ತಿಯ ಮೇಲೆ ಎತ್ತಿ ಕಟ್ಟಿದ ಜುಟ್ಟು, ನೆಲಕ್ಕೆ ಕಾಲೇ ಅಂಟದ ನಡಿಗೆ. ಆ ಹುಡುಗಿಯರು ಎಷ್ಟು ಎತ್ತರದಿಂದ ಬಿದ್ದರೂ ಸಾಯುವುದಿಲ್ಲವಲ್ಲ, ನೀನೂ ಸಾಯುವುದಿಲ್ಲವಾ ಎಂದು ಒಂದು ಮಗು ಕೇಳಿದಾಗ, ಸಾಯೋಕೆ ಪುರುಸೊತ್ತಾದರೂ ಎಲ್ಲಿದೆ ಎಂದು ಅದರ ಕೆನ್ನೆ ಹಿಂಡಿದ್ದಳು.

ಅವಳ ಜೋಡಿಯನ್ನು ಎಲ್ಲರೂ ಅಜ್ಜಮ್ಮ ಎಂದು ಕರೆಯುತ್ತಿದ್ದರು. ವಯಸ್ಸು ಇಬ್ಬರದೂ ಒಂದೇ, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆದರೆ ಅಜ್ಜಮ್ಮ ಚಪ್ಪಲಿಯನ್ನು ಗೋಡೆಗೆ ನೇರವಾಗಿ ಜೋಡಿಸಿ ಬಿಡುವವಳು, ಒದ್ದೆ ಟವಲನ್ನೂ ಮಡಿಸಿ ಇಡುವವಳು, ಮೋಡವಿಲ್ಲದ ದಿನವೂ ಚೀಲದಲ್ಲಿ ಕೊಡೆ ಇಟ್ಟುಕೊಳ್ಳುವವಳು. ಇಬ್ಬರೂ ಒಂದೇ ಕ್ಷಣದಲ್ಲಿ ಹಾರಿ, ಒಂದೇ ಬಗೆಯಲ್ಲಿ ಸುತ್ತಿ, ಒಂದೇ ಕ್ಷಣದಲ್ಲಿ ನೀರು ಮುಟ್ಟುವ ಜೋಡಿ ಹಾರಾಟ ಅವರದು. ಅದರಲ್ಲಿ ಒಬ್ಬರು ಎಣಿಸಬೇಕು. ಎಣಿಸುತ್ತಿದ್ದವಳು ಅಜ್ಜಮ್ಮ. ನೀರಿಗೆ ಬೆನ್ನು ಮಾಡಿ, ಹಿಮ್ಮಡಿಯನ್ನು ಕಟ್ಟೆಯ ಅಂಚಿನಾಚೆ ಚಾಚಿ ನಿಂತಾಗ ಕಣ್ಣಿಗೆ ಕಾಣುವುದು ಎದುರಿನ ಸಿಮೆಂಟ್ ಗೋಡೆ ಮಾತ್ರ. ಪಕ್ಕದಲ್ಲಿರುವ ಭುಜ ಕಂಡೂ ಕಾಣದಂತಿರುತ್ತದೆ. ಆಗ ಸ್ವಲ್ಪ ಒಡಕಾದ, ತಗ್ಗಿದ ದನಿಯಲ್ಲಿ ಅವಳು ಒಂದು ಎನ್ನುತ್ತಿದ್ದಳು, ಎರ್ಡು ಎಂದು ನುಂಗುತ್ತಿದ್ದಳು, ಮೂ ಎಂದು ಎಳೆದು ರು ಎನ್ನುವಷ್ಟರಲ್ಲಿ ಇಬ್ಬರ ಕಾಲೂ ಕಟ್ಟೆ ಬಿಟ್ಟಿರುತ್ತಿತ್ತು.

ಹಿಂದಿನ ವರ್ಷ ಕೋಚ್ ಒಂದು ಮಾತು ಎತ್ತಿದ್ದರು. ಎದುರಾಳಿ ಕ್ಲಬ್ಬಿನಲ್ಲಿ ಕಡ್ಡಿ ಎಂಬ ಹುಡುಗಿಯಿದ್ದಾಳೆ, ಮೈಕಟ್ಟು ಗಿರಗಿಟ್ಲೆಗೆ ಸರಿಹೊಂದುತ್ತದೆ, ಅವರಿಬ್ಬರನ್ನು ಜೋಡಿ ಮಾಡಿದರೆ ಪದಕ ಕಟ್ಟಿಟ್ಟ ಬುತ್ತಿ ಎಂದು. ಗಿರಗಿಟ್ಲೆ ನಗುನಗುತ್ತಲೇ ಆಗುವುದಿಲ್ಲ ಎಂದಿದ್ದಳು. ಅವತ್ತು ಮನೆಗೆ ಹೋಗುವಾಗ ಅಜ್ಜಮ್ಮ, ನಾನಿಲ್ಲದೆ ನೀನು ಯಾರ ಜೊತೆಗೂ ಹಾರಬಾರದು ಎಂದಳು. ಗಿರಗಿಟ್ಲೆ ಹೂಂ ಎಂದಳು. ಇಬ್ಬರೂ ಅದನ್ನು ಅಷ್ಟಕ್ಕೇ ಮರೆತರು.

ಅಜ್ಜಮ್ಮ ಸತ್ತದ್ದು ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ. ಗೋದಾಮಿನ ಓಣಿಯಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಚಾಲಕನಿಗೆ ಅವಳು ಕಾಣಲಿಲ್ಲ.

ಸಾವಿನ ಮನೆಯಲ್ಲಿ ಗಿರಗಿಟ್ಲೆ ಓಡಾಡಿಕೊಂಡು ಬಂದವರಿಗೆಲ್ಲ ಚಹಾ ಕೊಟ್ಟಳು, ಅಳುತ್ತಿದ್ದ ಹುಡುಗಿಯರನ್ನು ನಗಿಸಿದಳು, ಅಜ್ಜಮ್ಮ ಇದ್ದಿದ್ದರೆ ಈ ಚಪ್ಪಲಿಗಳನ್ನೆಲ್ಲ ಸಾಲಾಗಿ ಜೋಡಿಸುತ್ತಿದ್ದಳು ಎಂದು ಹೇಳಿ ತಾನೇ ಬಾಗಿ ಜೋಡಿಸಿದಳು. ಕಣ್ಣಿನಿಂದ ಒಂದು ಹನಿಯೂ ಬೀಳಲಿಲ್ಲ. ಗಟ್ಟಿ ಹುಡುಗಿ ಎಂದರು ಕೆಲವರು. ಕಲ್ಲೆದೆ ಎಂದರು ಇನ್ನು ಕೆಲವರು. ಲಿಫ್ಟ್ ರಿಪೇರಿ ಮಾಡುವ ಅವಳ ಅಪ್ಪ ಮಾತ್ರ ತಂತಿ ಸವೆದ ಲಿಫ್ಟನ್ನು ನೋಡುವ ಹಾಗೆ ಮಗಳನ್ನು ನೋಡುತ್ತಾ ಕೂತರು.

ವಾರ ಕಳೆದ ಮೇಲೆ ಅವಳು ಕೊಳಕ್ಕೆ ಹೋದಳು. ಕಟ್ಟೆ ಹತ್ತಿದಳು. ಅಭ್ಯಾಸಬಲದಿಂದ ಎಡಗಡೆಯಲ್ಲೇ ನಿಂತಳು, ಬಲಗಡೆ ಖಾಲಿ ಬಿಟ್ಟು. ಹಿಮ್ಮಡಿಯನ್ನು ಅಂಚಿನಾಚೆ ಚಾಚಿ, ತೋಳೆತ್ತಿ, ಉಸಿರು ಹಿಡಿದಳು.

ಒಂದು.

ತಗ್ಗಿದ ದನಿ, ಸ್ವಲ್ಪ ಒಡಕು. ಎರ್ಡು. ಕಣ್ಣು ತಿರುಗಿಸುವ ಧೈರ್ಯವಾಗಲಿಲ್ಲ. ತಿರುಗಿಸಿದರೆ ಅಲ್ಲಿ ಯಾರೂ ಇಲ್ಲದಿರುವುದು ಕಂಡುಬಿಡುತ್ತಿತ್ತು. ಮೂ... ಕಾಲು ತಾನಾಗಿ ಕಟ್ಟೆ ಬಿಟ್ಟಿತು. ಅಂಥ ಹಾರಾಟವನ್ನು ಅವಳು ಹುಟ್ಟಿದಾರಭ್ಯ ಹಾರಿರಲಿಲ್ಲ. ಮೇಲೆ ಬಂದಾಗ ಕೋಚ್ ದಡದಲ್ಲಿ ಬಿಳಿಚಿಕೊಂಡು ನಿಂತಿದ್ದರು. ಮೆಚ್ಚುಗೆಯಿಂದ ಮಾತು ನಿಂತಿರಬೇಕು ಎಂದುಕೊಂಡಳು.

ಅಂದಿನಿಂದ ಅವಳಿಗೆ ಅದೇ ಧ್ಯಾನ. ಶಾಲೆಯ ಮಕ್ಕಳು ಬರುವ ಮೊದಲೇ ಬಂದು, ಎಲ್ಲರೂ ಹೋದ ಮೇಲೆ ಹೋಗುವಳು. ನೆಲದ ಮೇಲೆ, ಬಸ್ಸಿನಲ್ಲಿ, ಹಾಸಿಗೆಯಲ್ಲಿ ಎಷ್ಟು ಕಾದರೂ ಆ ದನಿ ಬರುತ್ತಿರಲಿಲ್ಲ. ಕಟ್ಟೆಯ ತುದಿಯಲ್ಲಿ ಮಾತ್ರ ಬರುತ್ತಿತ್ತು, ಅದೂ ಮೇಲೆ ಅವಳು ಒಬ್ಬಳೇ ನಿಂತಾಗ. ಯಾರಿಗೂ ಹೇಳಲಿಲ್ಲ. ಕೆಳಗೆ ಅವಳ ತಮಾಷೆ, ಕುಣಿತ ಎಲ್ಲ ಮೊದಲಿನಂತೆಯೇ ಇತ್ತು, ಒಂದು ಕೈ ಹೆಚ್ಚೇ ಅನ್ನಬೇಕು. ಊಟ ಮಾತ್ರ ಸೇರುತ್ತಿರಲಿಲ್ಲ. ಒಂದು ದಿನ ತಟ್ಟೆಯ ಮುಂದೆ ಅಪ್ಪ, "ನಗಬೇಡ ಅಂತ ಹೇಳ್ತಿಲ್ಲ ಮಗಳೇ. ಆದ್ರೆ ನಮ್ಮನ್ನ ನಗಿಸೋಕೆ ಅಂತ ನಗಬೇಡ," ಎಂದರು. ಅವಳು ಅದಕ್ಕೂ ಏನೋ ಹಾಸ್ಯ ಮಾಡಿ ಎದ್ದುಹೋದಳು.

ಅಜ್ಜಮ್ಮನ ತಾಯಿಯೂ ಕೊಳಕ್ಕೆ ಬರತೊಡಗಿದ್ದರು. ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವ ಹೆಂಗಸು. ಮಗಳು ಬದುಕಿದ್ದಾಗ ಒಂದು ದಿನವೂ ಕೊಳದ ಕಡೆ ತಲೆಹಾಕಿದವರಲ್ಲ. ಎತ್ತರ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಿದ್ದರು. ಈಗ ಪಾಳಿ ಮುಗಿಸಿ, ನೇರವಾಗಿ ಬಂದು, ಗ್ಯಾಲರಿಯ ಕೊನೆಯ ಸಾಲಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನೋಡಲು ಬಂದವರು ಕಣ್ಣು ಮುಚ್ಚುವುದೇಕೆ ಎಂದು ಗಿರಗಿಟ್ಲೆಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಕೋಚ್ ಕಡ್ಡಿಯನ್ನು ಕರೆತಂದರು. ಹೆಸರಿಗೆ ತಕ್ಕ ಹಾಗಿದ್ದಳು: ಉದ್ದ, ಸಣಕಲು, ಮಾತು ಕಡಿಮೆ. ಅವಳ ಕ್ಲಬ್ಬು ಮುಚ್ಚಿಹೋಗಿತ್ತು. ಮುಂದಿನ ಸ್ಪರ್ಧೆಗೆ ಇಬ್ಬರೂ ಜೋಡಿಯಾಗಿ ಎಂದು ಕೋಚ್ ಹೇಳಿದಾಗ ಗಿರಗಿಟ್ಲೆ ಮೊದಲ ಸಲ ನಗದೆ ಮಾತಾಡಿದಳು. ಸತ್ತವಳ ಜಾಗದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿಕೊಳ್ಳುವಷ್ಟು ತಾನು ಕೃತಘ್ನಳಲ್ಲ, ಬೇಕಾದರೆ ಹಾರುವುದನ್ನೇ ಬಿಡುತ್ತೇನೆ ಎಂದಳು. ಕೊಟ್ಟ ಮಾತು ಅವಳ ಎದೆಯಲ್ಲಿತ್ತು. ಅದರ ಹಿಂದೆ, ತನಗೆ ತಾನೇ ಹೇಳಿಕೊಳ್ಳದ ಇನ್ನೊಂದು ಹೆದರಿಕೆಯಿತ್ತು: ಬಲಗಡೆ ಇನ್ನೊಬ್ಬಳು ಬಂದು ನಿಂತರೆ ಆ ದನಿಗೆ ನಿಲ್ಲಲು ಜಾಗವೇ ಇರುವುದಿಲ್ಲ.

ಸುದ್ದಿ ತಿಳಿದ ಅಜ್ಜಮ್ಮನ ತಾಯಿ ಬಾಗಿಲ ಬಳಿ ಅವಳ ಕೈ ಹಿಡಿದುಕೊಂಡರು. ಇಸ್ತ್ರಿಯ ಕಾವಿಗೆ ಗಟ್ಟಿಯಾದ ಕೈ ಅದು. "ಯಾರ ಜೊತೆಗೂ ಹಾರಬೇಡ ಕಂದಾ. ಹೀಗೇ ಇರು, ಒಬ್ಬಳೇ ಹಾರು," ಎಂದರು. ಗಿರಗಿಟ್ಲೆ ಮಾತು ಕೊಟ್ಟಳು. ಒಂದೇ ಮಾತನ್ನು ಮಗಳಿಗೊಮ್ಮೆ, ತಾಯಿಗೊಮ್ಮೆ.

ಕಡ್ಡಿ ಜಗಳವಾಡಲಿಲ್ಲ. ದಿನಾ ಬಂದು ಕೆಳಗಿನ ಹಾರುಹಲಗೆಯಲ್ಲಿ ತನ್ನಷ್ಟಕ್ಕೆ ತಾನು ಅಭ್ಯಾಸ ಮಾಡಿ, ಗಿರಗಿಟ್ಲೆ ಮೇಲೇರಿದಾಗ ನಿಂತು ಕೇಳುತ್ತಿದ್ದಳು. ಒಂದು ಸಂಜೆ, ಕೊಳದ ಮೇಲಿನ ಗಾಜಿನ ಛಾವಣಿ ಕಂದಿ ಬರುತ್ತಿದ್ದಾಗ, ಗಿರಗಿಟ್ಲೆಯ ಹಿಂದೆಯೇ ಮೆಟ್ಟಿಲು ಹತ್ತಿದಳು. ಗಿರಗಿಟ್ಲೆ ಅಂಚಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು. ಪಕ್ಕದಲ್ಲಿ ಬರಿಗಾಲಿನ ಸದ್ದಾಯಿತು. ಬಲಭುಜದ ಹತ್ತಿರ ಮೈಬಿಸಿ ತಾಕಿತು. ಕೊನೆಗೂ ಬಂದಳು ಎಂದು ಅವಳ ಎದೆ ಹಾರಿತು. ದನಿ ಎಣಿಸಿತು. ಇಬ್ಬರೂ ಒಟ್ಟಿಗೆ ಕಟ್ಟೆ ಬಿಟ್ಟರು, ಒಟ್ಟಿಗೆ ಸುತ್ತಿದರು, ಒಂದೇ ಸದ್ದಿನಲ್ಲಿ ನೀರೊಳಗಿಳಿದರು.

ಮೇಲೆ ಬಂದು ಕಣ್ಣು ಬಿಟ್ಟಾಗ ಎದುರಿಗೆ ಇದ್ದದ್ದು ಕಡ್ಡಿಯ ಮುಖ. ಗಿರಗಿಟ್ಲೆಯ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿಗಿಂತ ಮೊದಲು ಬಾಯಿಗೆ ಬಂದದ್ದು ಬೇರೆ.

"ಎಣಿಸಿದ್ದು ಕೇಳಿಸ್ತಾ ನಿಂಗೆ?"

"ಕೇಳಿಸ್ತು."

"ಯಾರು ಎಣಿಸಿದ್ದು?"

ಕಡ್ಡಿ ಕೊಳದ ಅಂಚು ಹಿಡಿದಳು. "ನೀನೇ," ಎಂದಳು. "ಬಾಯಿ ನಿಂದು. ದನಿ ನಿಂದಲ್ಲ. ಎಷ್ಟೋ ಸ್ಪರ್ಧೆಲಿ ನಿಮ್ಮ ಹಿಂದೆ ನಿಂತು ಕೇಳಿದೀನಿ. ಅದು ಅವಳ್ದೇ."

ಗಿರಗಿಟ್ಲೆ ನಕ್ಕಳು. ನಗು ಗಾಜಿನ ಛಾವಣಿಗೆ ಬಡಿದು ವಾಪಸು ಬಂತು, ಬೇರೆ ಯಾರೋ ನಕ್ಕಂತೆ. ಒದ್ದೆ ಮೈಯಲ್ಲೇ ಕೋಚ್ ಕೋಣೆಗೆ ಹೋದಳು. ಅವರಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ, ಹರೆಯದಲ್ಲಿ ಹಾರಿ ಹಾರಿ ನೀರಿನ ಏಟಿಗೆ ಹೋಗಿತ್ತು. ಇರುವ ಇನ್ನೊಂದು ಕಿವಿಯಲ್ಲಿ ಮೊದಲ ದಿನವೇ ಕೇಳಿಸಿತ್ತು ಎಂದರು. ದಡದಲ್ಲಿದ್ದ ಎಲ್ಲರಿಗೂ ಕೇಳಿಸಿತ್ತು. "ನಿದ್ದೇಲಿ ನಡೆಯೋರು ಮಾಳಿಗೆ ಅಂಚಲ್ಲಿದ್ದಾಗ ಕೂಗಿ ಎಬ್ಬಿಸಬಾರದು. ಅದಕ್ಕೇ ಪಕ್ಕದಲ್ಲಿ ಒಬ್ಬಳನ್ನ ನಿಲ್ಲಿಸೋಣ ಅಂತ ನೋಡ್ದೆ," ಎಂದು ಹೇಳಿ ಅವಳ ಹೆಗಲಿಗೆ ಟವಲು ಹೊದಿಸಿದರು.

ಮರುದಿನ ಅವಳು ಹೋಟೆಲಿನ ಹಿಂಬಾಗಿಲಿನಿಂದ ಇಸ್ತ್ರಿ ಕೋಣೆಗೆ ಹೋದಳು. ಹಬೆಯ ನಡುವೆ ಅಜ್ಜಮ್ಮನ ತಾಯಿ ದಿಂಬಿನ ಚೀಲಗಳನ್ನು ಒತ್ತುತ್ತಿದ್ದರು. ಅವಳ ಮುಖ ನೋಡಿದ್ದೇ ವಿಷಯ ಏನೆಂದು ಅವರಿಗೆ ಗೊತ್ತಾಯಿತು. ಕೈ ನಿಲ್ಲಿಸಲಿಲ್ಲ.

ಪಕ್ಕದ ಮನೆಯ ಹುಡುಗಿ ಈಜಲು ಹೋಗಿ ಕೇಳಿಸಿಕೊಂಡು ಬಂದು ಹೇಳಿದ್ದಳಂತೆ. ನಂಬದೆ ಬಂದು ಕೂತವರಿಗೆ ಮಗಳು ಎಣಿಸುವುದು ಕೇಳಿಸಿತು. ಮನೆಯಲ್ಲಿ ಫೋಟೊಗಳಿದ್ದವು, ಬಟ್ಟೆಗಳಿದ್ದವು, ಆದರೆ ದನಿ ಎಲ್ಲೂ ಉಳಿದಿರಲಿಲ್ಲ. ಫೋನು ಲಾರಿಯ ಗಾಲಿಗೆ ಸಿಕ್ಕು ಪುಡಿಯಾಗಿತ್ತು. ಕಣ್ಣು ಮುಚ್ಚಿ ಕೂತರೆ ಮಗಳು ಮೇಲೆ ನಿಂತಿದ್ದಾಳೆ ಅನ್ನಿಸುತ್ತಿತ್ತು ಎಂದರು. "ನಿಂಗೆ ಗೊತ್ತಾದ್ರೆ ನಿಂತುಹೋಗುತ್ತೆ ಅಂತ ಹೆದರಿಕೆ ನಂಗೆ. ಸ್ವಾರ್ಥ ಅಂತಾನೂ ಗೊತ್ತು. ಇನ್ನೊಂದೇ ಸಲ ಕೇಳಿಸು. ಆಮೇಲೆ ನಿನ್ನ ಇಷ್ಟ."

ಇಲ್ಲ ಎನ್ನಲು ಅವಳಿಂದಾಗಲಿಲ್ಲ. ಆ ಸಂಜೆ ಕಟ್ಟೆಯ ಮೇಲೆ ನಿಂತು, ಎಡಗಡೆಗೆ ಸರಿದು, ಬಲಗಡೆ ಖಾಲಿ ಬಿಟ್ಟು ಕಾದಳು. ಏನೂ ಬರಲಿಲ್ಲ. ತಾನೇ ಬಾಯಿ ಬಿಟ್ಟು ಒಂದು ಎಂದಳು. ಅದು ಅವಳದೇ ಸಣ್ಣ, ಕೀರಲು ದನಿ. ಗಂಟಲು ತಗ್ಗಿಸಿ ಮತ್ತೆ ಎಂದಳು. ನಾಟಕದವರ ದನಿಯಾಯಿತು. ಒಡಕು ಬರಿಸಲು ಹೋಗಿ ಕೆಮ್ಮು ಬಂತು. ಮತ್ತೆ, ಮತ್ತೆ. ಕೆಳಗೆ ಅಭ್ಯಾಸ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು. ಹಾರುವವರಿಗೆ ನೀರಿನ ಮಟ್ಟ ಕಾಣಲೆಂದು ಕೊಳವೆಯಿಂದ ಚಿಮ್ಮುತ್ತಿದ್ದ ಹನಿಗಳ ಸದ್ದು ಬಿಟ್ಟರೆ ಇಡೀ ಕೊಳ ಮೌನವಾಗಿತ್ತು. ಆ ಮೌನದಲ್ಲಿ ಅವಳು ಮೊದಲ ಬಾರಿ ಬಲಕ್ಕೆ ತಿರುಗಿ ನೋಡಿದಳು. ಸಿಮೆಂಟು, ಒದ್ದೆ ಕಾಲಿನ ಒಂದೇ ಜೊತೆ ಗುರುತು.

ಹಾರದೆ ಮೆಟ್ಟಿಲಿಳಿದು ಬಂದಳು. ಗ್ಯಾಲರಿಯಲ್ಲಿ ತಾಯಿ ಎದ್ದು ನಿಂತಿದ್ದರು.

"ಎಲ್ಲಿ ಕಳಕೊಂಡೆ ಅವಳನ್ನ?" ಎಂದರು. ದನಿ ಏರಿಸಲಿಲ್ಲ.

ಎಂಥ ಹೊತ್ತಿನಲ್ಲೂ ಒಂದು ಮಾತು ಒದಗಿಬರುತ್ತಿದ್ದ ಗಿರಗಿಟ್ಲೆಗೆ ಅಂದು ಏನೂ ಒದಗಲಿಲ್ಲ. ತಾಯಿ ಚೀಲ ಎತ್ತಿಕೊಂಡು ಹೊರಟುಹೋದರು. ಅವಳು ಬಟ್ಟೆ ಬದಲಿಸುವ ಕೋಣೆಗೆ ಹೋಗಿ, ಬೆಂಚಿನ ಮೇಲೆ ಕೂತು, ಮೊಣಕಾಲಿನ ನಡುವೆ ತಲೆಯಿಟ್ಟು ಅತ್ತಳು. ಕಟ್ಟೆ ಒಡೆದಂಥ ಅಳು. ಕಡ್ಡಿ ಒಳಗೆ ಬಂದು ಸಮಾಧಾನ ಮಾಡಲಿಲ್ಲ. ಬಾಗಿಲಾಚೆ ನಿಂತು, ಬಂದವರನ್ನೆಲ್ಲ ಆಮೇಲೆ ಬನ್ನಿ ಎಂದು ಕಳಿಸುತ್ತಿದ್ದಳು.

ಆ ದನಿ ಮತ್ತೆ ಬರಲಿಲ್ಲ. ಕಟ್ಟೆಯ ಮೇಲೆ ಈಗ ಬರೀ ಗಾಳಿ. ಕೆಲವು ವಾರ ಅವಳು ಹತ್ತುವುದು, ಇಳಿಯುವುದು, ಅಷ್ಟೇ. ಮಾತು ಕೊಟ್ಟಿದ್ದೇನೆ ಎಂದು ಒಮ್ಮೆ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಅಪ್ಪ, ಆ ಮಾತು ಈಸ್ಕೊಂಡೋಳು ಬದುಕಿದ್ದಿದ್ರೆ ನಿನ್ನನ್ನ ಒಬ್ಬಳೇ ಅಲ್ಲಿ ನಿಲ್ಲಿಸ್ತಿದ್ಳಾ ಎಂದು ಕೇಳಿದರು. ಮರುದಿನ ಕಡ್ಡಿಯನ್ನು ಕರೆದು ಎಡಗಡೆ ನಿಲ್ಲಿಸಿ, ತಾನು ಬಲಗಡೆ ನಿಂತಳು. ಯಾರು ಎಣಿಸುವುದು ಎಂದು ಕಡ್ಡಿ ಕೇಳಿದಳು. ಯಾರೂ ಬೇಡ, ಉಸಿರು ನೋಡಿಕೊಂಡು ಹಾರೋಣ ಎಂದಳು ಗಿರಗಿಟ್ಲೆ. ಮೊದಮೊದಲು ಬಹಳ ಕೆಟ್ಟದಾಗಿ ಹಾರಿದರು. ಸ್ಪರ್ಧೆಯಲ್ಲಿ ನಾಲ್ಕನೆಯವರಾದರು. ಪದಕವಿಲ್ಲ.

ದನಿ ನಿಂತ ದಿನದಿಂದಲೂ, ಪಾಳಿ ಮುಗಿಯುವ ಹೊತ್ತಿಗೆ ಅವಳು ದಿನಾ ಇಸ್ತ್ರಿ ಕೋಣೆಗೆ ಹೋಗತೊಡಗಿದ್ದಳು. ಅಜ್ಜಮ್ಮನ ತಾಯಿ ಮಾತಾಡಿಸುತ್ತಿರಲಿಲ್ಲ. ದೊಡ್ಡ ಹಾಸಿಗೆ ಬಟ್ಟೆ ಮಡಿಸಲು ಇಬ್ಬರು ಬೇಕಲ್ಲ, ಅವಳು ಸುಮ್ಮನೆ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಹಾಗೇ ತಿಂಗಳುಗಳು ಕಳೆದವು. ಸ್ಪರ್ಧೆ ಮುಗಿಸಿ ಹೋದ ದಿನ, ಬಟ್ಟೆಯ ಆ ತುದಿಯಿಂದ ತಾಯಿ ಮುಖ ಎತ್ತದೆ, "ಆ ಕಡ್ಡಿ ಹುಡುಗಿಗೆ ಚಳಿ ಆಗಲ್ವಾ? ಮೈಮೇಲೆ ಚೂರು ಮಾಂಸ ಇಲ್ಲ," ಎಂದರು.

ಆಗುತ್ತೆ, ಹಲ್ಲು ಕಟಕಟ ಅನ್ನುತ್ತೆ, ಆದರೂ ಹೇಳಿಕೊಳ್ಳೋದಿಲ್ಲ ಎಂದಳು ಗಿರಗಿಟ್ಲೆ.

"ನಾನು ಕೊಳಕ್ಕೆ ಇನ್ನು ಬರಲ್ಲ," ಎಂದರು ತಾಯಿ. "ಅವಳನ್ನೂ ಒಂದಿನ ಕರ್ಕೊಂಡು ಬಾ. ಇಲ್ಲಿ ಬೆಚ್ಚಗಿರುತ್ತೆ," ಎಂದು ಮಡಿಸಿದ ಬಟ್ಟೆಯನ್ನು ಕಪಾಟಿನಲ್ಲಿಟ್ಟರು.